ಮಾಯಮ್ಮ ಬೇಕೆಂದ ಮದ್ದು

ಮಾಯಮ್ಮನಿಗೆ ಬಂದಿರುವ ಕಾಯಿಲೆ ಯಾವುದೆಂದು ಮನೆಮಂದಿಗೆಲ್ಲ ತಿಳಿದು ಹದಿನೈದು ದಿನವಾದ ಮೇಲೆ ಅದು ಮಾಯಮ್ಮನಿಗೂ ತಿಳಿಯಿತು. ತಿಳಿಸಿದವರು ಮನೆಯವರಲ್ಲ, ಡಾಕ್ಟರೂ ಅಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಕನಕಪುರದ ಕಡೆಯ ಒಬ್ಬ ಹೆಂಗಸು. ತಲೆಗೆ ಟವೆಲು ಸುತ್ತಿಕೊಂಡು ಚುರುಮುರಿ ತಿನ್ನುತ್ತಿದ್ದ ಆಕೆ, ಊರು ಕೇರಿ ಎಲ್ಲ ವಿಚಾರಿಸಿದ ಮೇಲೆ ಸಹಜವಾಗಿ ಕೇಳಿದಳು.

"ನಂಗೆ ಮೊಲೇಲಿತ್ತು ಕಣಕ್ಕ, ತಗುದ್ಬುಟ್ರು. ನಿಂಗೆಲ್ಲಿ ಗೆಡ್ಡೆ?"

"ನಂಗ್ಯಾವ ಗೆಡ್ಡೇನೂ ಇಲ್ಲ ಕಣವ್ವ. ಎದೇಲಿ ಕಫ ಕಟ್ಟಿ ನೀರು ತುಂಬ್ಕಂಡಿತ್ತು. ತಗುದವ್ರೆ."

"ಕಫುಕ್ಕೆ ಈ ಆಸ್ಪತ್ರೆಗೆ ಯಾರ್ ಬತ್ತಾರಕ್ಕ?" ಎಂದವಳು ಕೂಡಲೇ ನಾಲಿಗೆ ಕಚ್ಚಿಕೊಂಡು, ಚುರುಮುರಿಯ ಪೊಟ್ಟಣವನ್ನು ಮಾಯಮ್ಮನ ಮುಂದೆ ಹಿಡಿದಳು. ಮಾಯಮ್ಮ ಒಂದು ಹಿಡಿ ತೆಗೆದುಕೊಂಡಳು. ತಿನ್ನಲಿಲ್ಲ. ಮಗ ಲೋಕೇಶ ದೂರದ ಕೌಂಟರಿನಲ್ಲಿ ಕಾಗದಗಳ ಕಂತೆ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ. ಈ ಹದಿನೈದು ದಿನಗಳಲ್ಲಿ ಅವನು ಮನೆಗೆ ತಂದ ಕಿತ್ತಳೆಹಣ್ಣು, ಹಾರ್ಲಿಕ್ಸ್ ಬಾಟಲಿ, ಮೆತ್ತನೆಯ ಹೊದಿಕೆ ಎಲ್ಲ ಒಂದೊಂದಾಗಿ ಅವಳ ನೆನಪಿಗೆ ಬಂದವು. ಮೂವತ್ತಾರು ವರ್ಷದ ಮಗ ಯಾವ ಹಬ್ಬವೂ ಇಲ್ಲದೆ ತಾಯಿಗೆ ಹೊದಿಕೆ ತಂದಾಗಲೇ ತನಗೆ ಹೊಳೆಯಬೇಕಿತ್ತು ಎಂದುಕೊಂಡಳು.

ಆ ದಿನ ಅವನನ್ನು ಅವಳು ಏನೂ ಕೇಳಲಿಲ್ಲ. ವಾಪಸು ಬರುವಾಗ ಅವನು ಎಳನೀರು ಕೊಡಿಸಿದ. ಕುಡಿದಳು.

ಮಾಯಮ್ಮ ಹುಟ್ಟಿದ್ದು ಬಿಡದಿಯ ಪಕ್ಕದ ಒಂದು ಹಳ್ಳಿಯಲ್ಲಿ. ಹದಿನೈದಕ್ಕೆ ಕೂಟಗಲ್ಲಿನ ಚಿಕ್ಕಹನುಮಯ್ಯನನ್ನು ಮದುವೆಯಾಗಿ ಬಂದಳು. ಬಂದ ಮನೆ ರಾಗಿ, ಹಿಪ್ಪುನೇರಳೆ, ಎರಡು ಹಸುವಿನ ಮನೆ. ರೇಷ್ಮೆಹುಳ ಮೇಯಿಸುವ ಕಾಲದಲ್ಲಿ ನಿದ್ದೆಯಿಲ್ಲ, ಮೇಯಿಸದ ಕಾಲದಲ್ಲಿ ಬಿಡುವಿಲ್ಲ. ಅತ್ತೆಗೆ ಲಕ್ವ ಹೊಡೆದು ಒಂಬತ್ತು ವರ್ಷ ಮಲಗಿದ್ದಳು. ಮೈ ಒರೆಸಿ, ಮಗ್ಗುಲು ಬದಲಿಸಿ, ತುತ್ತಿಟ್ಟದ್ದು ಮಾಯಮ್ಮ. ಅತ್ತೆ ಹೋದ ಎರಡನೇ ವರ್ಷಕ್ಕೆ ಗಂಡ ಕೆಮ್ಮತೊಡಗಿದ. ಕ್ಷಯವೆಂದರು. ಮಾತ್ರೆ ನುಂಗುತ್ತ, ಬಿಡುತ್ತ, ಮತ್ತೆ ನುಂಗುತ್ತ ಆರು ವರ್ಷ ಎಳೆದ. ಅವನೂ ತೀರಿಕೊಂಡಾಗ ಮಾಯಮ್ಮನಿಗೆ ಅರವತ್ತಮೂರು. ಅಷ್ಟು ಹೊತ್ತಿಗೆ ಲೋಕೇಶನಿಗೆ ಬಿಡದಿಯ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಹುಳ ಮೇಯಿಸುವುದು ನಿಂತು, ಹುಳದ ಮನೆ ಖಾಲಿ ಬಿದ್ದಿತ್ತು.

ಗಂಡ ಸತ್ತು ವರ್ಷ ತುಂಬುವುದರೊಳಗೆ ಮಾಯಮ್ಮ ಯಾರೂ ಎಣಿಸದ ಒಂದು ಕೆಲಸ ಮಾಡಿದಳು. ಒಂದು ಬೆಳಗ್ಗೆ ಊರಿನ ಎಲೆತೋಟದವರಿಂದ ವೀಳ್ಯದೆಲೆಯ ಕಟ್ಟುಗಳನ್ನು ಕಡ ತಂದು, ಒದ್ದೆ ಗೋಣಿಯಲ್ಲಿ ಸುತ್ತಿ, ಮೊದಲ ಬಸ್ಸು ಹತ್ತಿ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಗೇಟಿನ ಬಳಿ ಹೋಗಿ ಕೂತಳು. ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲೆಲ್ಲಿಂದಲೋ ಗೂಡು ತಂದ ರೈತರು, ಹರಾಜು ಕೂಗುವವರು, ನೂಲು ಬಿಚ್ಚಾಣಿಕೆಯ ಸಾಬರು, ಕೂಲಿಯವರು. ಎಲೆ ಅಡಿಕೆ ಬೇಡವೆನ್ನುವ ಬಾಯಿ ಅಲ್ಲಿ ಕಡಿಮೆ. ಮಧ್ಯಾಹ್ನಕ್ಕೆ ಗೋಣಿ ಖಾಲಿಯಾಯಿತು. ಮರುದಿನವೂ ಹೋದಳು. "ಮನೇಲೇನು ಕಮ್ಮಿಯಾಗೈತೆ ಅಂತ ಬೀದೀಲಿ ಕೂತ್ಕತೀಯವ್ವ?" ಎಂದು ಲೋಕೇಶ ಬೇಸರಪಟ್ಟ. ಕಮ್ಮಿಯೇನೂ ಆಗಿರಲಿಲ್ಲ. ಆದರೆ ಅಲ್ಲಿ ಕೂತಾಗ ಯಾರೂ ಅವಳನ್ನು ನೀರು ಕೇಳುತ್ತಿರಲಿಲ್ಲ, ಯಾರೂ ನರಳುತ್ತಿರಲಿಲ್ಲ. ಹೋಗುವವರು ಬರುವವರು ಒಂದು ಮಾತಾಡಿ, ಒಂದು ನಗೆ ನಕ್ಕು ಹೋಗುತ್ತಿದ್ದರು. ಒಂಬತ್ತು ವರ್ಷ ಅವಳು ಆ ಜಾಗ ಬಿಡಲಿಲ್ಲ.

ರಾಮನಗರ ಜಿಲ್ಲೆಯಾದ ವರ್ಷದ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಗಂಡನದೇ ಕಾಯಿಲೆ ಅಂಟಿರಬೇಕೆಂದು ಎಲ್ಲರೂ ಅಂದುಕೊಂಡರು. ಎರಡು ತಿಂಗಳು ಕ್ಷಯದ ಮಾತ್ರೆ ನುಂಗಿದಳು. ಕೆಮ್ಮು ಹೋಗಲಿಲ್ಲ, ಬದಲಿಗೆ ನಾಲ್ಕು ಹೆಜ್ಜೆಗೆ ಉಸಿರು ನಿಲ್ಲತೊಡಗಿತು. ಇಎಸ್‌ಐ ಚೀಟಿಯಲ್ಲಿ ತಾಯಿಯ ಹೆಸರೂ ಇದ್ದದ್ದರಿಂದ ಲೋಕೇಶ ಬೆಂಗಳೂರಿಗೆ ಕರೆದೊಯ್ದ. ಅಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ಆ ನೀರಿನಲ್ಲೇ ಕಾಯಿಲೆಯ ಗುರುತು ಸಿಕ್ಕಿತು. ಶ್ವಾಸಕೋಶದ ಕ್ಯಾನ್ಸರ್, ಆಗಲೇ ಹರಡಿತ್ತು. ಬೀಡಿಯ ತುದಿ ಮುಟ್ಟಿದವಳಲ್ಲ. ಐವತ್ತೇಳು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದಳು, ಅಷ್ಟೆ.

ಆಸ್ಪತ್ರೆಯಿಂದ ಬಂದ ಮೇಲಿನ ಭಾನುವಾರ ಮನೆಯ ಜಗುಲಿಯಲ್ಲಿ ಮಾತುಕತೆ ನಡೆಯಿತು. ಗಂಡನ ಅಣ್ಣ ದೊಡ್ಡಹನುಮಯ್ಯನಿಗೆ ಎಂಬತ್ತು ದಾಟಿತ್ತು. ಆ ಮನೆತನದಲ್ಲಿ ಅವನ ಮಾತೇ ಕೊನೆ. ಮಾಯಮ್ಮ ಒಳಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಕೇಳಬಾರದೆಂದು ಮೆಲ್ಲಗೆ ಆಡಿದ ಮಾತು ಮೆಲ್ಲಗೆ ಆಡಿದ್ದಕ್ಕೇ ಅವಳ ಕಿವಿಗೆ ಬಿತ್ತು.

"ಎಪ್ಪತ್ತೆರಡು ಆಯ್ತಲ್ಲಾ ಲೋಕೇಸ," ಎನ್ನುತ್ತಿದ್ದ ದೊಡ್ಡಹನುಮಯ್ಯ. "ಮಗನ್ನ ಕಂಡ್ಳು, ಮೊಮ್ಮಕ್ಕಳ ಕಂಡ್ಳು. ಆ ಮದ್ದು ಹತ್ತುಸ್ಕಂಡೋರ್ನ ನಾನು ನೋಡಿವ್ನಿ ಕಣ್ಲಾ. ಉಂಡಿದ್ದು ಉಳಿಯಕಿಲ್ಲ, ತಲೆಗೂದ್ಲು ಉಳಿಯಕಿಲ್ಲ. ಗಟ್ಟಿಮುಟ್ಟಾದ ಐಕ್ಳೇ ತಡಿಯಕಿಲ್ಲ, ಈ ಮುದುಕಿ ತಡದಾಳಾ? ಯಾಕೆ ಹಿಂಸೆ ಕೊಡ್ತೀರಿ? ಕೇಳಿದ್ದು ಮಾಡಾಕಿ, ಬೆಚ್ಚಗೆ ನೋಡ್ಕಳಿ. ಅದೇ ಪುಣ್ಯ."

"ಡಾಕ್ಟ್ರೂ ಖಂಡಿತ ಕೊಡ್ಲೇಬೇಕು ಅಂತ ಹೇಳ್ನಿಲ್ಲ ದೊಡ್ಡಪ್ಪ," ಎಂದ ಲೋಕೇಶ. "ವಯಸ್ಸಾಗೈತೆ, ಕೊಟ್ರೂ ಕೊಡ್ಬೋದು, ಬುಟ್ರೂ ಬುಡ್ಬೋದು, ಮನೆಯೋರು ಕೂತು ಯೋಚ್ನೆ ಮಾಡಿ ಅಂದ್ರು."

ಮಾಯಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದು ಬಂದು ಹೊಸ್ತಿಲಲ್ಲಿ ನಿಂತಳು. ಉಸಿರು ಹದಕ್ಕೆ ಬರಲು ಒಂದು ಗಳಿಗೆ ಬೇಕಾಯಿತು.

"ಮನೆಯೋರು ಅಂದ್ರೆ ಅದ್ರಲ್ಲಿ ನಾನು ಬರಕಿಲ್ವೇನ್ಲಾ?"

ಸೊಸೆ ಭಾನುಪ್ರಿಯ ಕಂಬದ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಂಗೇನೈತೆ ಅಂತ ನಂಗೊತ್ತು. ಆಸ್ಪತ್ರೇಲೇ ಗೊತ್ತಾಯ್ತು. ಆ ಮದ್ದು ನಂಗೆ ಬೇಕು. ನಾನು ಹಾಕುಸ್ಕತೀನಿ."

"ಯಾತಕ್ಕವ್ವಾ?" ದೊಡ್ಡಹನುಮಯ್ಯನ ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಅಚ್ಚರಿ ಇತ್ತು. "ನಿಂಗೆ ಯಾವ್ದು ಬಾಕಿ ಉಳ್ದೈತೆ? ಪುಟ್ಟಿ ಮದ್ವೆ ನೋಡ್ಬೇಕು ಅಂತಾನಾ?"

ಮೊಮ್ಮಗಳು ಪುಟ್ಟಿಗೆ ಆಗ ಏಳು ವರ್ಷ. ಹೌದೆಂದಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಎಲ್ಲರ ಕಣ್ಣೂ ಒದ್ದೆಯಾಗುತ್ತಿತ್ತು. ಮಾಯಮ್ಮನಿಗೆ ಸುಳ್ಳು ಹೇಳಲು ಬರಲಿಲ್ಲ.

"ಏನೂ ಬಾಕಿ ಇಲ್ಲ ಭಾವ. ನಂಗೆ ಇನ್ನೊಸಿ ದಿನ ಇರ್ಬೇಕು ಅನ್ನುಸ್ತದೆ. ಅಷ್ಟೇಯ."

ಆ ಮಾತು ಊರಲ್ಲಿ ಹರಡಿತು. ನೋಡಲು ಬಂದ ಹೆಂಗಸರು ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಆದರೆ ಎದ್ದು ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹರೆಯದ ಹೆಣ್ಣು ಸಾಯಲೊಲ್ಲೆನೆಂದರೆ ಊರೆಲ್ಲ ಅಳುತ್ತದೆ. ಮುದುಕಿ ಸಾಯಲೊಲ್ಲೆನೆಂದರೆ, ಹೊಟ್ಟೆ ತುಂಬಿದ ಮೇಲೂ ಎಲೆ ಮುಂದಿಂದ ಏಳದವಳನ್ನು ನೋಡುವಂತೆ ನೋಡುತ್ತದೆ. ಓರಗೆಯ ಮುನಿಯಮ್ಮ, ಜೊತೆಯಲ್ಲಿ ಸೊಪ್ಪು ಬಿಡಿಸಿದವಳು, ನೇರವಾಗಿಯೇ ಅಂದಳು: "ನಾನಾಗಿದ್ರೆ ಶಿವಾ ಅಂತ ಕಣ್ಮುಚ್ಕತಿದ್ದೆ ಕಣೆ ಮಾಯಿ." ಅಂದಿನಿಂದ ಯಾರು ಬಂದರೂ ಮಾಯಮ್ಮ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದಳು.

ಲೋಕೇಶ ಒಲ್ಲದ ಮನಸ್ಸಿನಿಂದಲೇ ಮತ್ತೆ ಕರೆದುಕೊಂಡು ಹೋದ. ಡಾಕ್ಟರಮ್ಮ ವಯಸ್ಸಿನ್ನೂ ನಲವತ್ತಾಗದವರು, ದಣಿದ ಕಣ್ಣಿನವರು. ಅವರು ಲೋಕೇಶನನ್ನು ಬಿಟ್ಟು ಮಾಯಮ್ಮನ ಕಡೆಗೇ ಕುರ್ಚಿ ತಿರುಗಿಸಿಕೊಂಡರು.

"ಅಜ್ಜಿ, ಸ್ನಾನ ನೀವೇ ಮಾಡ್ಕೋತೀರಾ?"

"ಊಂ."

"ಹಗಲು ಹೊತ್ತು ಎಷ್ಟು ಹೊತ್ತು ಮಲಗಿರ್ತೀರಿ?"

"ಜನ ಬಂದಾಗ," ಎಂದಳು ಮಾಯಮ್ಮ.

ಡಾಕ್ಟರಮ್ಮ ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಚಿಕ್ಕವರಿಗಾದರೆ ಎರಡು ಮದ್ದು ಸೇರಿಸಿ ಕೊಡುತ್ತಾರೆ, ಇವಳ ವಯಸ್ಸಿಗೆ ಒಂದೇ ಮದ್ದು. ಈ ಮಂಗಳವಾರ ಒಂದು, ಮುಂದಿನ ಮಂಗಳವಾರ ಒಂದು, ಆಮೇಲೆ ಒಂದು ವಾರ ಬಿಡುವು. ಹೀಗೆ ನಾಲ್ಕು ಸುತ್ತು. ಪ್ರತಿ ಸಲ ಮೊದಲು ರಕ್ತ ನೋಡುತ್ತಾರೆ, ರಕ್ತ ಕಡಿಮೆಯಿದ್ದರೆ ವಾಪಸು ಕಳಿಸುತ್ತಾರೆ. ಜ್ವರ ಬಂದರೆ ಅದೇ ದಿನ ಓಡಿಬರಬೇಕು. "ಗುಣ ಆಗುತ್ತೆ ಅಂತ ನಾನು ಹೇಳೋದಿಲ್ಲ. ಮದ್ದು ಹಿಡಿದರೆ ಉಸಿರು ಹಗುರ ಆಗುತ್ತೆ, ಕೆಲವು ತಿಂಗಳು ಸಿಗುತ್ತೆ. ಹಿಡಿಯದೇನೂ ಇರಬಹುದು."

"ಹಿಡುದ್ರೆ ಎಲೆ ಮಾರಾಕೆ ಓಗ್ಬೋದಾ?"

"ಹೋಗಬಹುದು."

"ಹಂಗಾರೆ ಹಾಕಿ," ಎಂದು ಮಾಯಮ್ಮ ತೋಳು ಮುಂದೆ ಚಾಚಿದಳು, ಅಲ್ಲೇ ಆಗಲೇ ಹಾಕುವರೆಂಬಂತೆ.

ಮೊದಲನೆಯದಕ್ಕೆ ಲೋಕೇಶ ರಜೆ ಹಾಕಿ ಬಂದ. ಎರಡನೆಯದಕ್ಕೆ ಅವನ ಶಿಫ್ಟ್ ಬದಲಾಗಲಿಲ್ಲ. ಫ್ಯಾಕ್ಟರಿಯಲ್ಲಿ ಹೊಸ ಲೈನು ಹಾಕುತ್ತಿದ್ದರು, ರಜೆ ಎಂದರೆ ಮುಖ ಸಿಂಡರಿಸುತ್ತಿದ್ದರು. ಭಾನುಪ್ರಿಯ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಅಲ್ಲಿ ಒಂದು ದಿನ ತಪ್ಪಿಸಿದರೆ ಮಾರನೆಯ ದಿನ ಗೇಟಿನಲ್ಲೇ ನಿಲ್ಲಿಸುತ್ತಿದ್ದರು. "ಒಂದ್ವಾರ ಬುಟ್ಟು ಓಗವಾ ಅವ್ವ," ಎಂದ ಲೋಕೇಶ. ಮಾಯಮ್ಮ ಮಂಗಳವಾರ ಕೋಳಿ ಕೂಗುವ ಹೊತ್ತಿಗೆ ಎದ್ದು, ರಾಗಿ ಅಂಬಲಿ ಕುಡಿದು, ಕೂಟಗಲ್ಲಿನ ಮೊದಲ ಬಸ್ಸಿಗೆ ಹೊರಟುಬಿಟ್ಟಳು. ಆ ಬಸ್ಸು ಅವಳಿಗೆ ಒಂಬತ್ತು ವರ್ಷದ ಪರಿಚಯ. ರಾಮನಗರದಲ್ಲಿ ಇಳಿದು ಪ್ಯಾಸೆಂಜರ್ ರೈಲು ಹತ್ತಿದಳು.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪನಿಯ ಅಂಗಿ, ಕೊರಳಲ್ಲಿ ಬಿಲ್ಲೆ ಹಾಕಿದ ಹುಡುಗರು ತುಂಬಿದ್ದರು. ಒಬ್ಬ ಎದ್ದು ಜಾಗ ಕೊಟ್ಟ. ಬಿಡದಿಯಲ್ಲಿ ಬೋಗಿ ಅರ್ಧಕ್ಕರ್ಧ ಖಾಲಿಯಾಯಿತು. ಕಿಟಕಿಯಾಚೆ ಅವಳ ತೌರಿನ ಕಡೆಯ ನೆಲ. ಹುಚ್ಚೆಳ್ಳು ಹೂ ಬಿಡುತ್ತಿದ್ದ ಹೊಲವಿದ್ದ ಕಡೆ ತಗಡಿನ ಶೆಡ್ಡುಗಳೂ, ಅವುಗಳ ಮುಂದೆ ಬಿಸಿಲಿಗೆ ಹರವಿದಂತೆ ಬಿಳಿಯ ಹೊಸ ಕಾರುಗಳ ಸಾಲೂ ಇದ್ದವು. ತನ್ನಪ್ಪನ ಹೊಲ ಯಾವ ಶೆಡ್ಡಿನ ಅಡಿಗೆ ಹೋಯಿತೆಂದು ಹುಡುಕಿದಳು. ಗೊತ್ತಾಗುವ ಮೊದಲೇ ರೈಲು ಮುಂದೆ ಹೋಯಿತು. ತೋರಿಸಿ ಹೇಳೋಣವೆಂದರೆ ಪಕ್ಕದಲ್ಲಿ ಕೂತಿದ್ದವನು ನಿದ್ದೆ ಹೋಗಿದ್ದ.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು: "ಜೊತೆಗೆ ಯಾರಮ್ಮ?"

"ಬಂದವ್ರೆ. ಟೀ ಕುಡಿಯಾಕೆ ಓಗವ್ರೆ."

"ಬಂದ ಮೇಲೆ ಸೈನ್ ಹಾಕಿಸಿ. ಜೊತೆಯವರಿಲ್ಲದೆ ಡ್ರಿಪ್ ಹಾಕೋ ಹಂಗಿಲ್ಲ. ರೂಲ್ಸು."

ಮಾಯಮ್ಮ ಬೆಂಚಿನಲ್ಲಿ ಕೂತು ಬಾಗಿಲು ನೋಡತೊಡಗಿದಳು. ಒಬ್ಬೊಬ್ಬ ಮುದುಕ ಮುದುಕಿಯ ಹಿಂದೆಯೂ ಒಬ್ಬ ಮಗ, ಒಬ್ಬ ಅಳಿಯ, ಫ್ಲಾಸ್ಕು, ಚೀಲ. ಅರ್ಧ ಗಂಟೆಯ ಮೇಲೆ ಒಬ್ಬ ಸಾಬಿ ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದ. ಕತ್ತರಿಸಿದ ಬಿಳಿ ಗಡ್ಡ, ಬಿಸಿನೀರಲ್ಲಿ ನೆನೆದು ನೆನೆದು ಬೆಳ್ಳಗಾದ ಬೆರಳ ತುದಿ. ಮಾಯಮ್ಮ ಅವನನ್ನು ಕಂಡಿದ್ದಳು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ರಸೂಲ್. ಹರಾಜಿಗೆ ಬಂದಾಗಲೆಲ್ಲ ಅವಳ ಹತ್ತಿರ ಎಲೆ ಕೊಂಡವನು.

"ರಸೂಲ್ ಸಾಬ್ರೇ," ಎಂದಳು. "ನಾನು, ಎಲೆ ಮಾಯಮ್ಮ. ಒಂದು ರುಜು ಹಾಕ್ಬೇಕಿತ್ತು. ನನ್ ಜೊತೆಯೋರು ಅಂತ."

ರಸೂಲ್ ಗೇಟಿನ ಬಳಿ ಮಾತಾಡಿಸುವ ಹೆಂಗಸನ್ನು ಇಲ್ಲಿ ಕಂಡು ಒಂದು ಕ್ಷಣ ತಬ್ಬಿಬ್ಬಾದ. ಯಾಕೆ, ಏನು, ಮಗನೆಲ್ಲಿ ಎಂದು ಕೇಳಲಿಲ್ಲ. "ಆಯ್ತಕ್ಕ, ಹಾಕ್ತೀನಿ," ಎಂದ. ಕಾಗದದಲ್ಲಿ 'ಸಂಬಂಧ' ಎಂದಿದ್ದ ಕಡೆ ಏನು ಬರೆಯುವುದೆಂದು ಪೆನ್ನು ಹಿಡಿದು ಯೋಚಿಸಿ, ಊರಿನವರು ಎಂದು ಬರೆದ.

ಅವನ ಹೆಂಡತಿ ಶರ್ಫುನ್ನೀಸಾಳಿಗೂ ಅದೇ ಕಾಯಿಲೆ, ಅದೇ ಮಂಗಳವಾರ. ಅರವತ್ತೆಂಟು ವರ್ಷದಾಕೆ, ಹಕ್ಕಿಯಂತೆ ಹಗುರ. ಇಬ್ಬರನ್ನೂ ಅಕ್ಕಪಕ್ಕದ ಮಂಚದ ಮೇಲೆ ಮಲಗಿಸಿ ಬಾಟಲಿ ತೂಗುಹಾಕಿದರು. ಮದ್ದು ಒಳಗಿಳಿಯುವಾಗ ನರದ ಉದ್ದಕ್ಕೂ ಮೆಣಸಿನಕಾಯಿ ತಿಕ್ಕಿದ ಉರಿ. ಮಾಯಮ್ಮ ತುಟಿ ಕಚ್ಚಿ ಹನಿಗಳನ್ನು ನೋಡುತ್ತಿದ್ದಳು. ಶರ್ಫುನ್ನೀಸಾ ಗೋಡೆಯ ಕಡೆ ಮುಖ ಮಾಡಿಬಿಡುತ್ತಿದ್ದಳು. ಕೊನೆಯವರೆಗೂ ಆಕೆ ಮಾಯಮ್ಮನೊಂದಿಗೆ ಆಡಿದ್ದು ಎಣಿಸಿದಷ್ಟು ಮಾತು. ಒಮ್ಮೆ ಮಾತ್ರ, ರಸೂಲ್ ಆಚೆ ಹೋದಾಗ, ತಿರುಗಿ ಕೇಳಿದಳು: "ನಿಮ್ಗೆ ಯಾರು ಹೇಳಿ ಕಳ್ಸಿದ್ದು?"

"ಯಾರೂ ಇಲ್ಲ. ನಾನೇ ಬಂದಿವ್ನಿ."

ಶರ್ಫುನ್ನೀಸಾ ಬಹಳ ಹೊತ್ತು ಅವಳನ್ನು ನೋಡಿ ಮತ್ತೆ ಗೋಡೆಯ ಕಡೆ ತಿರುಗಿದಳು.

ರಾಮನಗರದ ಸಾಬರು ಜೊತೆಗಿದ್ದಾರೆಂದು ತಿಳಿದ ಮೇಲೆ ಲೋಕೇಶನಿಗೂ ಸಮಾಧಾನವಾಯಿತು. ಮಂಗಳವಾರಗಳು ಹೀಗೇ ಸಾಗಿದವು. ಸೋಂಕು ತಗುಲಬಾರದು, ನೆಗಡಿ ಇದ್ದವರು ಹತ್ತಿರ ಹೋಗಬಾರದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಮನೆಯವರು ಕಟ್ಟುನಿಟ್ಟಾಗಿ ಹಿಡಿದರು. ಖಾಲಿ ಬಿದ್ದಿದ್ದ ಹುಳದ ಮನೆಗೆ ಸುಣ್ಣ ಬಳಿದು ಮಾಯಮ್ಮನ ಹಾಸಿಗೆ ಹಾಕಿದರು. ತಟ್ಟೆ ಲೋಟ ಬೇರೆ. ಪುಟ್ಟಿ ಬಾಗಿಲ ಬಳಿ ಬಂದು ನಿಂತರೆ ಭಾನುಪ್ರಿಯ ಕೂಗಿ ಕರೆದುಕೊಳ್ಳುತ್ತಿದ್ದಳು. ಅದು ತನ್ನ ಒಳ್ಳೆಯದಕ್ಕೇ ಎಂದು ಮಾಯಮ್ಮನಿಗೆ ಗೊತ್ತಿತ್ತು. ಮದ್ದು ಹಾಕಿಸಿಕೊಂಡ ಮೂರನೇ ದಿನಕ್ಕೆ ಬಾಯಿಗೆ ಏನಿಟ್ಟರೂ ಮಣ್ಣಿನ ರುಚಿ. ಮಲಬದ್ಧತೆ, ಎಲುಬಿನೊಳಗೆಲ್ಲ ನೋವು. ಸೊಸೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಉಣ್ಣದೆ ಉಳಿದದ್ದನ್ನು ಮಾಯಮ್ಮ ಹಿತ್ತಿಲ ಬಾಗಿಲಿನಿಂದ ಕೋಳಿಗೆ ಹಾಕುತ್ತಿದ್ದಳು. ಕಷ್ಟವೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬೇಡವೆಂದವರ ಮಾತು ಮೀರಿ ಬೇಕೆಂದು ಹೋದವಳು ನರಳಿದರೆ, ಆವತ್ತೇ ಹೇಳಿದೆವಲ್ಲ ಎನ್ನುವ ಮಾತು ಸಿದ್ಧವಾಗಿ ಕಾದಿತ್ತು. ಒಂದೂವರೆ ತಿಂಗಳು ಅವಳು ಆ ಉದ್ದನೆಯ ಖಾಲಿ ಕೋಣೆಯಲ್ಲಿ ಬಾಯಿಗೆ ಬಟ್ಟೆ ಹಿಡಿದು ವಾಂತಿ ಮಾಡಿಕೊಂಡಳು.

ಐದನೇ ಸಲಕ್ಕೆ ಹೋದಾಗ ರಸೂಲ್ ಬಂದಿರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಶರ್ಫುನ್ನೀಸಾಳ ಮಂಚದ ಮೇಲೆ ಬೇರೆ ಯಾರನ್ನೋ ಮಲಗಿಸಿದರು. ಮಾಯಮ್ಮ ಕೇಳಲಿಲ್ಲ. ಆ ಆಸ್ಪತ್ರೆಯಲ್ಲಿ ಬಾರದವರ ವಿಷಯ ಯಾರೂ ಕೇಳುವುದಿಲ್ಲವೆಂಬುದನ್ನು ಅಷ್ಟರಲ್ಲಿ ಕಲಿತಿದ್ದಳು.

"ಅಜ್ಜಿ, ಜೊತೆಯವರು?" ಎಂದಳು ನರ್ಸು.

ಟೀ ಕುಡಿಯಲು ಹೋಗಿದ್ದಾರೆ ಎನ್ನಲು ಈ ಸಲ ನಾಲಿಗೆ ಏಳಲಿಲ್ಲ. "ಯಾರೂ ಇಲ್ಲ ಕಣವ್ವ. ಎಂದೂ ಇರ್ನಿಲ್ಲ. ಆವಪ್ಪ ನಮ್ಮೂರೋನು, ಕೇಳ್ಕಂಡಿದ್ಕೆ ರುಜು ಹಾಕ್ತಿದ್ದ. ನೀನೇ ಹಾಕ್ಬುಡು ರುಜುವ. ರಕ್ತ ಸರಿಯಾಗೈತೆ ಅಂದ್ರಲ್ಲ. ಇವತ್ತು ತಪ್ಸಬ್ಯಾಡ."

ನರ್ಸಿಗೆ ಏನನ್ನಿಸಿತೋ, ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಅದು ಲೋಕೇಶನ ಮೊಬೈಲು. ಅವನು ಲೈನಿನಲ್ಲಿ ಕೆಲಸಕ್ಕೆ ನಿಂತಿದ್ದ. ಬೆಂಗಳೂರಿಗೆ ಹತ್ತಿರದಲ್ಲಿದ್ದ ಹೆಂಡತಿಗೆ ಹೇಳಿದ. ಮಧ್ಯಾಹ್ನ ಎರಡರ ಹೊತ್ತಿಗೆ ಭಾನುಪ್ರಿಯ ಗಾರ್ಮೆಂಟ್ಸಿನ ನೀಲಿ ಮೇಲಂಗಿಯಲ್ಲೇ ಓಡಿಬಂದಳು. ಆ ವಾರ್ಡನ್ನು ಅವಳು ಕಂಡದ್ದು ಅದೇ ಮೊದಲು. ಅತ್ತೆಯ ತೋಳು ಹಿಡಿದು ನೋಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ನರ ಕಪ್ಪು ಹುರಿಯಂತೆ ಗಟ್ಟಿಯಾಗಿತ್ತು.

"ಇದ್ಯಾಕತ್ತೆ ನಮ್ಗೆ ತೋರುಸ್ನಿಲ್ಲ?"

"ತೋರ್ಸಿದ್ರೆ ಬ್ಯಾಡ ಅಂದ್ಬುಡ್ತಿದ್ರಿ."

ಭಾನುಪ್ರಿಯ ಅದಕ್ಕೆ ಇಲ್ಲವೆನ್ನಲಿಲ್ಲ. ಮದ್ದು ಇಳಿಯುವವರೆಗೂ ಪಕ್ಕದ ಸ್ಟೂಲಿನಲ್ಲಿ ಕೂತು, ಉರಿಯುವ ತೋಳಿಗೆ ಒದ್ದೆ ಬಟ್ಟೆ ಹಾಕಿ ಹಾಕಿ ತೆಗೆದಳು. ಸಂಜೆ ರೈಲಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಕೆಂಗೇರಿ ದಾಟಿದ ಮೇಲೆ ಭಾನುಪ್ರಿಯ ಕೇಳಿದಳು: "ನಿಜ ಹೇಳಿ ಅತ್ತೆ. ಇಷ್ಟು ಕಷ್ಟ ಪಡೋದು ಯಾತಕ್ಕೆ?"

ಭಾವ ಕೇಳಿದ್ದೂ ಇದನ್ನೇ. ಆದರೆ ಇವಳು ಉತ್ತರ ಬೇಕಾಗಿ ಕೇಳುತ್ತಿದ್ದಳು. ಮಾಯಮ್ಮ ಕಿಟಕಿಯ ಕಂಬಿ ಹಿಡಿದು ಯೋಚಿಸಿದಳು.

"ಹದಿನೈದು ವರ್ಸಕ್ಕೆ ಆ ಮನೆಗೆ ಬಂದೆ. ಅಲ್ಲಿಂದ ನಾನು ಬೇರೆಯೋರು ಎದ್ರೆ ಏಳೋದು, ಬೇರೆಯೋರು ಉಂಡ್ರೆ ಉಣ್ಣೋದು. ಈ ಒಂಬತ್ತು ವರ್ಸ ಆ ಗೇಟಿನ ತಾವ ಕೂತಿದ್ನಲ್ಲ, ಅದೊಂದೇ ನನ್ದು ಅನ್ನುಸ್ತದೆ ಕಣವ್ವ. ಒಂಬತ್ತು ಸಾಲ್ದು ನಂಗೆ."

ಆರನೆಯದಕ್ಕೆ ಭಾನುಪ್ರಿಯಳೇ ಜೊತೆಗೆ ಬಂದಳು. ಏಳನೆಯದಕ್ಕೆ ರಕ್ತ ಕಡಿಮೆಯೆಂದು ವಾಪಸು ಕಳಿಸಿದರು. ಆ ದಿನವೂ ಸೊಸೆ ಬಂದಿದ್ದಳು. ಮೂರು ಮಂಗಳವಾರ ಕೆಲಸ ತಪ್ಪಿಸಿದವಳಿಗೆ ಗಾರ್ಮೆಂಟ್ಸಿನಲ್ಲಿ ಇನ್ನೊಂದು ರಜೆ ಕೊಡಲಿಲ್ಲ. ಉಳಿದ ಎರಡಕ್ಕೆ ಮಾಯಮ್ಮ ಮತ್ತೆ ಒಬ್ಬಳೇ ಹೋದಳು. ನರ್ಸು ರುಜುವಿನ ಮಾತೆತ್ತಲಿಲ್ಲ.

ಮಾರ್ಚಿನಲ್ಲಿ ಸ್ಕ್ಯಾನು ಮಾಡಿ ನೋಡಿದರು. ಗೆಡ್ಡೆ ಒಂದಿಷ್ಟು ಕುಗ್ಗಿತ್ತು, ನೀರು ಮತ್ತೆ ತುಂಬಿರಲಿಲ್ಲ. "ಮದ್ದು ಹಿಡಿದಿದೆ ಅಜ್ಜಿ," ಎಂದರು ಡಾಕ್ಟರಮ್ಮ. ಮಾಯಮ್ಮ ರಾಮನಗರದಲ್ಲಿ ಇಳಿದವಳು ಊರಿನ ಬಸ್ಸು ಹತ್ತದೆ ನೂಲಿನವರ ಕೇರಿಗೆ ನಡೆದಳು. ದಾರಿಯಲ್ಲಿ ಎರಡೇ ಕಡೆ ಕೂತು ದಣಿವಾರಿಸಿಕೊಂಡಳು.

ರಸೂಲನ ಮನೆಯ ಬಾಗಿಲಲ್ಲಿ ನೂಲಿನ ಚರಕಗಳು ತಿರುಗದೆ ನಿಂತಿದ್ದವು. ಅವನು ಹೊರಗೇ ಹಳೆಯ ಕುರ್ಚಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ.

"ಹೋಗ್ಬಿಟ್ಲು ಅಕ್ಕ. ಜನವರೀಲಿ. ಜ್ವರ ಬಂತು, ಮೂರೇ ದಿನ."

ಮಾಯಮ್ಮ ಜಗುಲಿಯ ಅಂಚಿನಲ್ಲಿ ಕೂತಳು. ಒಳಗಿನಿಂದ ಯಾರೋ ನೀರು ತಂದುಕೊಟ್ಟರು.

"ಅವ್ಳಿಗೆ ಬೇಕಾಗಿರ್ಲಿಲ್ಲ ಅಕ್ಕ," ಎಂದ ರಸೂಲ್. "ಮೊದ್ಲಿಂದ ಹೇಳ್ತಾನೇ ಇದ್ಲು, ಬೇಡ ಬಿಡಿ ಅಂತ. ನಾನು ಬಿಡ್ಲಿಲ್ಲ. ಐವತ್ತು ವರ್ಷ ಜೊತೇಲಿದ್ದೋಳು, ಹೆಂಗೆ ಬಿಡೋದು? ನಂಗೋಸ್ಕರ ತಗೋ ಅಂದೆ. ನಂಗೋಸ್ಕರ ತಗೊಂಡ್ಲು. ಅವ್ಳ ಕಷ್ಟ ನಿಮ್ಗೆ ಗೊತ್ತು, ಪಕ್ದಲ್ಲೇ ಇದ್ರಿ. ಹೇಳಿ, ನಾನು ಮಾಡಿದ್ದು ತಪ್ಪಾ?"

ಮಾಯಮ್ಮನಿಗೆ ಗೋಡೆಯ ಕಡೆ ತಿರುಗಿದ ಆ ಮುಖ ನೆನಪಾಯಿತು. ತನಗೆ ಮದ್ದು ಬೇಡವೆಂದವರೇ ಮನೆ ತುಂಬ ಇದ್ದರು. ಆಕೆಗೆ ಬೇಕೆಂದವನೊಬ್ಬ ಕೈ ಹಿಡಿದು ನಿಂತಿದ್ದ. ತಪ್ಪಲ್ಲವೆಂದರೆ ಶರ್ಫುನ್ನೀಸಾಳಿಗೆ ದ್ರೋಹ, ತಪ್ಪೆಂದರೆ ಇವನಿಗೆ.

"ನಂಗೆ ತಿಳಿಯಕಿಲ್ಲ ಸಾಬ್ರೇ," ಎಂದಳು. "ನೀವು ರುಜು ಹಾಕ್ದೆ ಇದ್ದಿದ್ರೆ ನಾನು ಅವತ್ತೇ ವಾಪಸ್ ಬರ್ಬೇಕಾಯ್ತಿತ್ತು. ನಂಗೆ ಅದೊಂದು ಗೊತ್ತು."

ಸಂಜೆಯ ಬಸ್ಸಿಗೆ ರಸೂಲ್ ಅವಳನ್ನು ನಿಲ್ದಾಣದವರೆಗೆ ಬಿಟ್ಟುಹೋದ.

ಯುಗಾದಿ ಕಳೆದ ವಾರ ಮಾಯಮ್ಮ ಮಾರ್ಕೆಟ್ಟಿನ ಗೇಟಿಗೆ ಹೋದಳು. ಅವಳ ಜಾಗದಲ್ಲಿ ಮೊಬೈಲ್ ಕರೆನ್ಸಿ ಹಾಕುವ ಒಬ್ಬ ಕೊಡೆ ನಿಲ್ಲಿಸಿಕೊಂಡಿದ್ದ. ಹತ್ತು ಮಾರು ಆಚೆ, ಚರಂಡಿಯ ಮಗ್ಗುಲಲ್ಲಿ ಗೋಣಿ ಹಾಸಿದಳು. ಮೊದಲಿನ ಅರ್ಧದಷ್ಟೇ ಕಟ್ಟುಗಳನ್ನು ತಂದಿದ್ದಳು. ಅಷ್ಟನ್ನು ಹೊರುವುದೇ ಈಗ ಸಾಕಾಗುತ್ತಿತ್ತು. ಹಳೆಯ ಗಿರಾಕಿಗಳಲ್ಲಿ ಕೆಲವರು ಗುರುತು ಹಿಡಿದರು, ಕೆಲವರು ಹಿಡಿಯಲಿಲ್ಲ. ಕೂದಲು ಪೂರ್ತಿ ಉದುರಿರದಿದ್ದರೂ ತೆಳ್ಳಗಾಗಿತ್ತು, ಮುಖ ಅರ್ಧಕ್ಕಿಳಿದಿತ್ತು. ಮಾಗಡಿಯ ಒಬ್ಬ ರೈತ ಎಲೆ ಕೊಳ್ಳುತ್ತ, "ಇಲ್ಲಿ ಮುಂಚೆ ಒಬ್ಬ ಅಜ್ಜಿ ಕೂತ್ಕತಿದ್ರಲ್ಲ, ತೀರ್ಕಂಡ್ರಂತಾ?" ಎಂದು ಅವಳನ್ನೇ ಕೇಳಿದ. "ಇಲ್ಲ ಕಣಪ್ಪ, ಇನ್ನೂ ಅವ್ಳೆ," ಎಂದಳು. ಆ ಅಜ್ಜಿ ಇವಳೇ ಎಂದು ಅವನಿಗೆ ಹೊಳೆಯಲಿಲ್ಲ. ಆ ದಿನವಿಡೀ ಅವಳಿಗೆ ಅದನ್ನು ಯಾರಿಗಾದರೂ ಹೇಳಿ ನಗಬೇಕೆನ್ನಿಸಿತು. ಮನೆಗೆ ಬಂದು ಭಾನುಪ್ರಿಯಳಿಗೆ ಹೇಳಿದಾಗ ಅವಳು ನಗಲಿಲ್ಲ, ಕಣ್ಣೊರೆಸಿಕೊಂಡಳು.

ಏಳು ತಿಂಗಳು ಹೀಗೆ ನಡೆಯಿತು. ವಾರಕ್ಕೆ ಮೂರು ದಿನ, ಕೆಲವು ವಾರ ನಾಲ್ಕು. ನವೆಂಬರಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವಾಗ ಮತ್ತೆ ಉಸಿರು ಕಟ್ಟಿತು. ಈ ಸಲ ಲೋಕೇಶ ಕೇಳುವ ಮೊದಲೇ ರಜೆ ಹಾಕಿ ಕರೆದೊಯ್ದ. ಕಾಯಿಲೆ ಬೆನ್ನುಮೂಳೆಗೂ ಇಳಿದಿತ್ತು.

"ಇನ್ನೊಂದು ಮದ್ದು ಐತೆ ಅಂದಿದ್ರಲ್ಲ, ಅದ ಹಾಕಿ," ಎಂದಳು ಮಾಯಮ್ಮ.

"ಅಜ್ಜಿ, ಈಗ ಹಗಲೆಲ್ಲ ಮಲಗೇ ಇರ್ತೀರಿ ಅಂತ ನಿಮ್ಮ ಮಗ ಹೇಳಿದ್ರು. ಈಗ ಅದನ್ನ ಕೊಟ್ರೆ ಇರೋ ಶಕ್ತೀನೂ ಹೋಗುತ್ತೆ. ನೋವಿಗೆ, ಉಸಿರಿಗೆ ಔಷಧಿ ಕೊಡ್ತೀನಿ."

"ಎದ್ದು ಕೂತ್ಕತೀನಿ," ಎಂದಳು. "ನೋಡಿ, ಕೂತೇ ಇವ್ನಿ."

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಮಾಯಮ್ಮ ಕೈ ಬಿಡಿಸಿಕೊಂಡಳು. ಊರಿನ ದಾರಿ ಹಿಡಿದರು. ಲೋಕೇಶ ಎಳನೀರು ತಂದು ಹಿಡಿದ, ಮುಖ ತಿರುಗಿಸಿದಳು.

ಆಮೇಲೆ ಎರಡು ತಿಂಗಳು ಇದ್ದಳು. ಭಾನುಪ್ರಿಯ ಕೆಲಸದಿಂದ ಬಂದ ಮೇಲೆ ತನ್ನ ಚಾಪೆಯನ್ನು ಹುಳದ ಮನೆಗೇ ತಂದು ಹಾಸಿಕೊಳ್ಳುತ್ತಿದ್ದಳು. ಸಂಕ್ರಾಂತಿ ಕಳೆದು ನಾಲ್ಕನೇ ದಿನ, ಬೆಳಗ್ಗೆ, ಮಾಯಮ್ಮ ಹೋದಳು.

ತಿಥಿಗೆ ಊರೆಲ್ಲ ಬಂದಿತ್ತು. ರಸೂಲ್ ಕೂಡ ಬಂದು ಚಪ್ಪರದ ಹೊರಗೆ ನಿಂತು ಹೋದ. "ಬದುಕಿದ್ರೆ ಮಾಯಮ್ಮನಂಗೆ ಬದುಕ್ಬೇಕು," ಎಂದ ದೊಡ್ಡಹನುಮಯ್ಯ, ಊಟಕ್ಕೆ ಕೂತವರಿಗೆಲ್ಲ ಕೇಳುವಂತೆ. "ಎಲ್ಲ ಕಂಡು, ಎಲ್ಲ ಉಂಡು, ನೆಮ್ಮದಿಯಾಗಿ ಓದ್ಳು. ಕೊನೇಲಿ ಒಂದಾಸೆ ಉಳೀನಿಲ್ಲ." ಎಲ್ಲರೂ ತಲೆದೂಗಿದರು. ಪಂಕ್ತಿಯಲ್ಲಿ ಅನ್ನ ಬಡಿಸುತ್ತಿದ್ದ ಭಾನುಪ್ರಿಯ ಒಂದು ಕ್ಷಣ ನಿಂತಳು. ಅತ್ತೆ ಹೋಗುವ ಹಿಂದಿನ ಸಂಜೆ, ತಾನು ಬಾಗಿ ಹೊದಿಕೆ ಸರಿಮಾಡುವಾಗ, ಇನ್ನೊಂದು ಸಲ ಡಾಕ್ಟರಮ್ಮನನ್ನು ಕೇಳಿ ನೋಡು ಎಂದು ಅತ್ತೆ ತನ್ನ ಮಣಿಕಟ್ಟು ಹಿಡಿದದ್ದನ್ನು ಅವಳು ಲೋಕೇಶನಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಮುಂದಿನ ಎಲೆಗೆ ಬಾಗಿ ಅನ್ನ ಬಡಿಸಿದಳು.